ಅಂಕಿ ಫೋನಿನಲ್ಲಿದೆ, ಆಟ ಮೈದಾನದಲ್ಲಿದೆ



ಒಂದು ಸಂಖ್ಯೆಯಿಂದ ಮಾತು ಆರಂಭಿಸೋಣ: 443.

ಈ ಸಂಖ್ಯೆಯ ಜೊತೆಗೆ ನಿಂಬಾಳ್ಕರ್ ಎಂಬ ಹೆಸರು ಸೇರಿಸಿ ನಿಮ್ಮ ಫೋನನ್ನು ಕೇಳಿ ನೋಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. 1948ರ ಡಿಸೆಂಬರ್ ತಿಂಗಳು, ನಮ್ಮ ಪುಣೆಯದೇ ಪೂನಾ ಕ್ಲಬ್ ಮೈದಾನ, ರಣಜಿ ಟ್ರೋಫಿ ಪಂದ್ಯ. ಕಾಠಿಯಾವಾಡದ ವಿರುದ್ಧ ಮಹಾರಾಷ್ಟ್ರದ ಬಿ.ಬಿ. ನಿಂಬಾಳ್ಕರ್ ಔಟಾಗದೆ 443 ರನ್. ತಂಡದ ಮೊತ್ತ 4 ವಿಕೆಟ್‌ಗೆ 826. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಭಾರತೀಯನೊಬ್ಬನ ಅತಿ ಹೆಚ್ಚಿನ ಮೊತ್ತ ಇಂದಿಗೂ ಇದೇ.

ಈಗ ಇನ್ನೊಂದು ಲೆಕ್ಕ ನೋಡಿ. ಆಗಿನ ವಿಶ್ವದಾಖಲೆ 452. ಆಸ್ಟ್ರೇಲಿಯದ ಡಾನ್ ಬ್ರಾಡ್‌ಮನ್ 1930ರಲ್ಲಿ ಸಿಡ್ನಿಯಲ್ಲಿ ಮಾಡಿದ್ದು. ನಿಂಬಾಳ್ಕರ್‌ಗೆ ಅದನ್ನು ಮುರಿಯಲು ಬೇಕಾಗಿದ್ದುದು ಕೇವಲ 10 ರನ್. ಔಟಾಗಿರಲಿಲ್ಲ, ಮಳೆ ಬಂದಿರಲಿಲ್ಲ. ಹಾಗಾದರೆ ಅವರು 443ಕ್ಕೇ ಏಕೆ ನಿಂತರು?

ಸ್ಕೋರ್ ಪಟ್ಟಿ ಇದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರ ಇದ್ದದ್ದು ಮೈದಾನದಲ್ಲಿ. ತಮ್ಮ ತಂಡದ ಮೇಲೆ ವಿಶ್ವದಾಖಲೆ ಆಯಿತೆಂದು ಹೆಸರು ಉಳಿಯಬಾರದೆಂದು ಕಾಠಿಯಾವಾಡದ ನಾಯಕ, ರಾಜಕೋಟದ ಠಾಕೋರ್ ಸಾಹೇಬರು, ವಿರಾಮದ ವೇಳೆಯಲ್ಲಿ ಹಟ ಹಿಡಿದರು. ಡಿಕ್ಲೇರ್ ಮಾಡಿಕೊಳ್ಳಿ, ಇಲ್ಲವಾದರೆ ನಾವು ಮನೆಗೆ ಹೊರಟೆವು ಎಂಬುದು ಅವರ ನಿಲುವು. ಕೊನೆಗೆ ಪಂದ್ಯವನ್ನೇ ಬಿಟ್ಟುಕೊಟ್ಟು ಹೋದರು. ನಿಂಬಾಳ್ಕರ್ 443ರಲ್ಲೇ ಉಳಿದರು. ಈ ಕಥೆ ಇಂದು ನಮಗೆ ತಿಳಿದಿರುವುದು ಯಾರೋ ಕೆಲವರು ಏನಾಯಿತು, ಏಕಾಯಿತು ಎಂದು ಕೇಳಿ ಬರೆದಿಟ್ಟಿದ್ದರಿಂದ. ಬರೆಯದಿದ್ದರೆ 443 ಬರಿಯ ಅಂಕಿಯಾಗಿ ಉಳಿಯುತ್ತಿತ್ತು.

ಕ್ರೀಡಾ ಪತ್ರಕರ್ತನ ಕೆಲಸವೆಂದರೆ ಇದೇ. ನಿಮ್ಮಲ್ಲಿ ಹಲವರು ಈ ಕೆಲಸದ ಬಗ್ಗೆ ಆಸೆ ಇಟ್ಟುಕೊಂಡಿದ್ದೀರಿ ಎಂದು ನನಗೆ ಗೊತ್ತು. ಸಂಘದ ಕಾರ್ಯಕ್ರಮಗಳಲ್ಲಿ ನೀವು ಕೇಳುವ ಪ್ರಶ್ನೆಯೂ ಗೊತ್ತು: “ಸ್ಕೋರ್ ಎಲ್ಲರ ಕೈಯಲ್ಲೂ ಇದೆ, ವಿಡಿಯೋ ಎಲ್ಲರೂ ನೋಡುತ್ತಾರೆ, ಇನ್ನು ಬರೆಯುವುದಕ್ಕೆ ಏನು ಉಳಿದಿದೆ?” ಉಳಿದಿರುವುದು ಬಹಳ. ಅದನ್ನು ಕಲಿಯುವ ಬಗೆ ಹೇಗೆ ಎಂಬುದನ್ನೇ ಈ ಲೇಖನದಲ್ಲಿ ಹೇಳಲು ಯತ್ನಿಸಿದ್ದೇನೆ.

ಪುಣೆಯಲ್ಲಿ ಹುಟ್ಟಿದ ನಿಮ್ಮ ಭಾಗ್ಯ

ಮೊದಲು ನೀವು ಎಲ್ಲಿ ನಿಂತಿದ್ದೀರಿ ಎಂದು ನೋಡಿಕೊಳ್ಳಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕುಲ ನಿಮ್ಮ ಊರಿನಲ್ಲಿದೆ. ಗಹುಂಜೆಯಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣವಿದೆ. 1906ರಲ್ಲಿ ಸ್ಥಾಪನೆಯಾದ ಡೆಕ್ಕನ್ ಜಿಮ್ಖಾನಾ ಇದೆ. ಪೇಟೆಯ ಗಲ್ಲಿಗಲ್ಲಿಗಳಲ್ಲಿ ಕಬಡ್ಡಿ, ಖೋಖೋ ಮಂಡಳಗಳಿವೆ. ಭಾನುವಾರ ಬೆಳಿಗ್ಗೆ ಮನೆಯಿಂದ ಹೊರಬಿದ್ದರೆ ಒಂದಲ್ಲ ಒಂದು ಪಂದ್ಯ ಸಿಕ್ಕೇ ಸಿಗುತ್ತದೆ.

ಎರಡನೆಯದು ಭಾಷೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ಇದರ ಮೇಲೆ ಹಿಂದಿ. ಯಾವುದೂ ಪೂರ್ತಿ ಬರುವುದಿಲ್ಲವೆಂದು ನೀವು ಸಂಕೋಚಪಡುವುದನ್ನು ಕಂಡಿದ್ದೇನೆ. ವರದಿಗಾರನಿಗೆ ಇದು ಸಂಕೋಚದ ವಿಷಯವಲ್ಲ, ಬಂಡವಾಳ. ಎರಡು ಉದಾಹರಣೆ ಕೊಡುತ್ತೇನೆ.

2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ನಮ್ಮ ಪುಣೇರಿ ಪಲ್ಟನ್ ತಂಡ ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಆಗ ಆ ತಂಡದ ತರಬೇತುದಾರರು ಯಾರು? ಕರ್ನಾಟಕದ ಬಿ.ಸಿ. ರಮೇಶ್. ತಂಡ ಪುಣೆಯದು, ಗುರು ಕನ್ನಡಿಗ. ಇನ್ನು 2025ರ ಜನವರಿ 19ರಂದು ದೆಹಲಿಯಲ್ಲಿ ಮುಗಿದ ಮೊದಲ ಖೋಖೋ ವಿಶ್ವಕಪ್. ಪುರುಷರು ನೇಪಾಳವನ್ನು 54-36ರಿಂದ, ಮಹಿಳೆಯರು 78-40ರಿಂದ ಸೋಲಿಸಿದರು. ನಾಯಕರಿಬ್ಬರೂ, ಅಂದರೆ ಪ್ರತೀಕ್ ವಾಯ್ಕರ್ ಮತ್ತು ಪ್ರಿಯಾಂಕಾ ಇಂಗ್ಳೆ, ಮಹಾರಾಷ್ಟ್ರದವರು. ಅದೇ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು, ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು.

ನಾಯಕಿಯ ಹತ್ತಿರ ಮರಾಠಿಯಲ್ಲಿ, ಚೈತ್ರಾ ಅವರ ಹತ್ತಿರ ಕನ್ನಡದಲ್ಲಿ ಮಾತನಾಡಿ, ಎರಡೂ ಮಾತನ್ನು ಒಂದೇ ವರದಿಯಲ್ಲಿ ಕೂಡಿಸಬಲ್ಲವರು ಎಷ್ಟು ಜನರಿದ್ದಾರೆ? ಆಟಗಾರ ತನ್ನ ತಾಯ್ನುಡಿಯಲ್ಲಿ ಮಾತನಾಡುವಾಗ ಮನಸ್ಸು ಬಿಚ್ಚುತ್ತಾನೆ. ಬೇರೆ ಭಾಷೆಯಲ್ಲಿ ಕೇಳಿದರೆ “ಚೆನ್ನಾಗಿ ಆಡಿದೆವು, ದೇವರ ದಯೆ” ಎಂದು ಮುಗಿಸುತ್ತಾನೆ. ಈ ವ್ಯತ್ಯಾಸವೇ ನಿಮ್ಮ ಹೊಟ್ಟೆಪಾಡಾಗಬಹುದು.

ಮೊದಲ ಪಾಠ: ಲೆಕ್ಕ ಬರೆಯಿರಿ

ಪತ್ರಿಕೋದ್ಯಮ ಎಂದೊಡನೆ ಮೈಕು, ಕ್ಯಾಮೆರಾ ಕಣ್ಣಿಗೆ ಕಟ್ಟುತ್ತದೆ. ಅವು ಆಮೇಲೆ ಬರಲಿ. ಮೊದಲು ಹತ್ತು ರೂಪಾಯಿಯ ಒಂದು ನೋಟುಬುಕ್ಕು, ಎರಡು ಪೆನ್ನು ತೆಗೆದುಕೊಳ್ಳಿ. ಎರಡು ಏಕೆಂದರೆ ಒಂದು ಪೆನ್ನು ಸರಿಯಾದ ಹೊತ್ತಿಗೆ ಕೈಕೊಡುತ್ತದೆ.

ಹತ್ತಿರದ ಮೈದಾನದಲ್ಲಿ ಕಬಡ್ಡಿ ಪಂದ್ಯವಿದೆ ಎನ್ನೋಣ. ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ಸಮಯ, ರೈಡರ್‌ನ ನಂಬರು, ಏನಾಯಿತು, ಆಗಿನ ಸ್ಕೋರ್. ಪ್ರತಿ ರೈಡಿಗೆ 30 ಸೆಕೆಂಡು. ಅಷ್ಟರೊಳಗೆ ನೀವು ಒಂದು ಸಾಲು ಬರೆದು ಮುಗಿಸಬೇಕು. ಮುಟ್ಟಿ ಬಂದರೆ ಒಂದು ಗುರುತು, ಸಿಕ್ಕಿಬಿದ್ದರೆ ಇನ್ನೊಂದು, ಬರಿಗೈಯಲ್ಲಿ ಬಂದರೆ ಸೊನ್ನೆ. ಎದುರಿಗೆ ಆರು ಅಥವಾ ಏಳು ಮಂದಿ ಇರುವಾಗ ಮಾತ್ರ ಬೋನಸ್ ಅಂಕ, ಮೂವರು ಅಥವಾ ಅದಕ್ಕಿಂತ ಕಡಿಮೆ ಇರುವಾಗ ಹಿಡಿದರೆ ಒಂದು ಅಂಕ ಹೆಚ್ಚು, ಇಡೀ ತಂಡ ಹೊರಗೆ ಹೋದರೆ ಲೋನಾದ ಎರಡು ಅಂಕ. ಈ ನಿಯಮಗಳು ನಾಲಿಗೆಯ ತುದಿಯಲ್ಲಿರಬೇಕು.

ಖೋಖೋ ಆದರೆ ಓಡುವವರು ಎಷ್ಟು ನಿಮಿಷ, ಎಷ್ಟು ಸೆಕೆಂಡು ಸಿಕ್ಕದೆ ಉಳಿದರು ಎಂಬುದೇ ಜೀವಾಳ. ಫೋನಿನ ಸ್ಟಾಪ್‌ವಾಚ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಎರಡು ಪಂದ್ಯ ಹೀಗೆ ಬರೆದು ನೋಡಿ. ಸುಮ್ಮನೆ ನೋಡುವಾಗ ಕಾಣದ್ದು ಕಾಣತೊಡಗುತ್ತದೆ. ಗೆದ್ದ ತಂಡ ಕೊನೆಯ ಐದು ನಿಮಿಷ ಬೇಕೆಂದೇ ಬರಿಗೈ ರೈಡ್ ಮಾಡಿ ಸಮಯ ಕಳೆಯಿತು ಎಂಬುದು ನಿಮ್ಮ ಪುಟದಲ್ಲಿ ಸೊನ್ನೆಗಳ ಸಾಲಾಗಿ ನಿಂತಿರುತ್ತದೆ. ಅದೇ ನಿಮ್ಮ ವರದಿಯ ತಿರುಳು. ಮನೆಗೆ ಬಂದ ಮೇಲೆ ಈ ಲೆಕ್ಕವನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ಗೆ ಏರಿಸಿ. ಒಂದು ಋತುವಿನ ಹತ್ತು ಪಂದ್ಯಗಳ ಲೆಕ್ಕ ಕೂಡಿದರೆ, ನಿಮ್ಮ ಪೇಟೆಯ ತಂಡದ ಬಗ್ಗೆ ಯಾರ ಹತ್ತಿರವೂ ಇಲ್ಲದ ಮಾಹಿತಿ ನಿಮ್ಮ ಹತ್ತಿರ ಇರುತ್ತದೆ. ದೊಡ್ಡ ಪತ್ರಿಕೆಗಳು ಅಂಕಿಅಂಶದ ವರದಿಗಾರಿಕೆ ಎಂದು ಕರೆಯುವುದು ಇದನ್ನೇ.

ಕಣ್ಣು ಚೆಂಡಿನ ಮೇಲೆ ಮಾತ್ರ ಇದ್ದರೆ ಸಾಲದು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ನಮ್ಮ ಅನಿಲ್ ಕುಂಬ್ಳೆ 74 ರನ್ ಕೊಟ್ಟು ಹತ್ತೂ ವಿಕೆಟ್ ಪಡೆದರು. ಸ್ಕೋರ್ ಪಟ್ಟಿಯಲ್ಲಿ ಜಾವಗಲ್ ಶ್ರೀನಾಥ್ ಹೆಸರಿನ ಮುಂದೆ ಸೊನ್ನೆ ವಿಕೆಟ್. ಆದರೆ ಒಂಬತ್ತು ವಿಕೆಟ್ ಆದ ಮೇಲೆ, ಹತ್ತನೆಯದು ಗೆಳೆಯನಿಗೇ ಸಿಗಲೆಂದು ಶ್ರೀನಾಥ್ ಬೇಕೆಂದೇ ವಿಕೆಟ್ಟಿನಿಂದ ದೂರ ಎಸೆದರು. ಆ ಸೊನ್ನೆಯಲ್ಲಿ ಎಷ್ಟು ದೊಡ್ಡತನವಿದೆ! ನೋಡಿದವರು ಬರೆದರು, ಆದ್ದರಿಂದ ಅದು ಉಳಿಯಿತು.

ಎರಡನೆಯ ಪಾಠ: ಹೆಸರು ತಪ್ಪಬೇಡಿ

ಈ ಪಾಠವನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಹೇಳಲು ನಾಚಿಕೆಯಾದರೂ ಹೇಳುತ್ತೇನೆ.

ಬಹಳ ವರ್ಷಗಳ ಹಿಂದೆ ನಮ್ಮ ಕ್ರೀಡಾಕೂಟದ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಚಿಕ್ಕ ಹುಡುಗಿಯರ ನೂರು ಮೀಟರ್ ಓಟ ನಡೆಯುವ ಹೊತ್ತಿಗೆ ನಾನು ಚಹಾದ ಮೇಜಿನ ಬಳಿ ಸ್ನೇಹಿತರೊಂದಿಗೆ ಹರಟುತ್ತಿದ್ದೆ. ಮರುದಿನ ಇನ್ನೊಬ್ಬ ಕಾರ್ಯಕರ್ತರಿಗೆ ಫೋನು ಮಾಡಿ ಗೆದ್ದವರ ಹೆಸರು ಕೇಳಿ ಬರೆದುಕೊಂಡೆ. ಅವರು ನೆನಪಿನಿಂದ ಹೇಳಿದರು, ನಾನು ಇನ್ನೊಬ್ಬರನ್ನು ಕೇಳಲಿಲ್ಲ. ಮೊದಲ ಸ್ಥಾನ ಪಡೆದವಳ ಹೆಸರಿನ ಜಾಗದಲ್ಲಿ ಅವಳ ಅಕ್ಕನ ಹೆಸರು ಅಚ್ಚಾಯಿತು.

ಮುಂದಿನ ಕಾರ್ಯಕ್ರಮದಲ್ಲಿ ಆ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಕಾಕಾ, ಓಡಿದ್ದು ನಾನು.” ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಆಮೇಲೆ ಗೊತ್ತಾಯಿತು, ಅವರ ತಂದೆ ಆ ಸಂಚಿಕೆಯನ್ನು ಊರಿಗೆ, ವಿಜಯಪುರದ ಕಡೆಯ ಹಳ್ಳಿಗೆ, ಅಜ್ಜಿಗೆಂದು ಕಳುಹಿಸಿದ್ದರು. ಓದು ಬಾರದ ಅಜ್ಜಿಗೆ ಪಕ್ಕದ ಮನೆಯವರು ಗಟ್ಟಿಯಾಗಿ ಓದಿ ಹೇಳಿದ್ದರು. ಅಜ್ಜಿ ದೊಡ್ಡ ಮೊಮ್ಮಗಳನ್ನು ಹೊಗಳಿದ್ದೇ ಹೊಗಳಿದ್ದು. ಮುಂದಿನ ಸಂಚಿಕೆಯಲ್ಲಿ ನಾವು ತಿದ್ದುಪಡಿ ಹಾಕಿದೆವು, ಸಣ್ಣ ಅಕ್ಷರದಲ್ಲಿ, ಕೊನೆಯ ಪುಟದಲ್ಲಿ. ಆ ಪುಟವನ್ನು ಯಾರೂ ಊರಿಗೆ ಕಳುಹಿಸಲಿಲ್ಲ.

ಆ ಹುಡುಗಿಯ ಓಟವನ್ನು ಬರೆದವನು ಪ್ರಪಂಚದಲ್ಲಿ ನಾನೊಬ್ಬನೇ. ಆ ಒಬ್ಬನೂ ತಪ್ಪು ಬರೆದೆ. ದೊಡ್ಡ ಆಟಗಾರರ ವಿಷಯದಲ್ಲಿ ಒಬ್ಬರು ತಪ್ಪು ಬರೆದರೆ ತಿದ್ದಲು ನೂರು ಜನರಿರುತ್ತಾರೆ. ನಮ್ಮ ಮಕ್ಕಳ ವಿಷಯದಲ್ಲಿ ಹಾಗಲ್ಲ.

ಆದ್ದರಿಂದ ಈ ನಿಯಮ ಇಟ್ಟುಕೊಳ್ಳಿ. ಹೆಸರನ್ನು ಆಟಗಾರನ ಬಾಯಿಂದಲೇ ಕೇಳಿ, ಬರೆದದ್ದನ್ನು ಅವನಿಗೇ ತೋರಿಸಿ. ಇಂಗ್ಲಿಷಿನಲ್ಲಿ ಒಂದೇ ರೀತಿ ಕಾಣುವ ಹೆಸರು ಕನ್ನಡದಲ್ಲಿ ಬೇರೆಯಾಗಬಹುದು. ಪಾಟೀಲರೇ, ಪಟೇಲರೇ? ಮಾನೆಯೇ, ಮಾಣೆಯೇ? ಅಂಕಗಳನ್ನು ನಿಮ್ಮ ಪುಸ್ತಕದಿಂದ ಮಾತ್ರ ಬರೆಯಬೇಡಿ, ಅಧಿಕೃತ ಸ್ಕೋರರ್‌ರ ಹಾಳೆಯೊಂದಿಗೆ ತಾಳೆ ನೋಡಿ. ಅನುಮತಿ ಕೇಳಿ ಆ ಹಾಳೆಯ ಫೋಟೋ ತೆಗೆದುಕೊಂಡೇ ಮೈದಾನ ಬಿಡಿ. ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು. ಪತ್ರಕರ್ತನಿಗೆ ಇದಕ್ಕಿಂತ ದೊಡ್ಡ ಉಪದೇಶವಿಲ್ಲ.

ಮೂರನೆಯ ಪಾಠ: ಕೇಳುವುದನ್ನು ಕಲಿಯಿರಿ

“ಗೆದ್ದಿದ್ದಕ್ಕೆ ಹೇಗನಿಸುತ್ತಿದೆ?” ಎಂದು ಕೇಳಬೇಡಿ. ಸಂತೋಷವಾಗಿದೆ ಎನ್ನುವುದು ಬಿಟ್ಟು ಬೇರೇನೂ ಉತ್ತರ ಬರುವುದಿಲ್ಲ. ನಿಮ್ಮ ಲೆಕ್ಕದ ಪುಟವನ್ನು ನೋಡಿ ಕೇಳಿ: “32ನೆಯ ನಿಮಿಷದಲ್ಲಿ ನೀವು ಎಡಗಡೆಯ ಮೂಲೆ ಬಿಟ್ಟು ಬಲಕ್ಕೆ ಬಂದಿರಿ, ಏಕೆ?” ಎದುರಿನವನ ಕಣ್ಣು ಅರಳುತ್ತದೆ. ಈ ಹುಡುಗ ಆಟ ನೋಡಿದ್ದಾನೆ ಎಂದು ಗೊತ್ತಾದ ಮೇಲೆ ಮಾತು ತಾನಾಗಿ ಬರುತ್ತದೆ.

ಸೋತವರ ಹತ್ತಿರ ಹೋಗುವಾಗ ತಕ್ಷಣ ಹೋಗಬೇಡಿ. ನೀರು ಕುಡಿಯಲಿ, ಬೆವರು ಒರೆಸಿಕೊಳ್ಳಲಿ. ಆದರೆ ಹೋಗದೇ ಇರಬೇಡಿ. ಒಳ್ಳೆಯ ವರದಿಗಳಲ್ಲಿ ಅರ್ಧಪಾಲು ಸೋತವರ ಕಡೆಯಿಂದ ಬರುತ್ತದೆ. ಹದಿನೆಂಟು ತುಂಬದ ಮಕ್ಕಳನ್ನು ಮಾತನಾಡಿಸುವಾಗ ತಂದೆತಾಯಿ ಅಥವಾ ತರಬೇತುದಾರರ ಒಪ್ಪಿಗೆ ಪಡೆಯಿರಿ, ಅವರ ಎದುರಿಗೇ ಮಾತನಾಡಿಸಿ. ಮಗುವಿನ ಮನೆಯ ವಿಳಾಸ, ಫೋನು ನಂಬರು, ತರಬೇತಿಗೆ ಒಬ್ಬಳೇ ಹೋಗುವ ಹೊತ್ತು ಇಂಥದ್ದನ್ನು ಎಂದೂ ಬರೆಯಬೇಡಿ.

ಇನ್ನೊಂದು ಮಾತು. ಆಟಗಾರ ಹೇಳಿದ್ದನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಹಾಕಿ. ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತರುವಾಗ ಅರ್ಥ ಕೆಡದಂತೆ ಸರಳವಾಗಿ ತನ್ನಿ. ಅವನು ಹೇಳದ ಬಣ್ಣದ ಮಾತನ್ನು ನೀವು ಸೇರಿಸಿದರೆ ಅದು ಅನುವಾದವಲ್ಲ, ಸುಳ್ಳು.

ನಾಲ್ಕನೆಯ ಪಾಠ: ಫೋನೇ ಕಚೇರಿ

ಈಗ ಯಂತ್ರದ ವಿಷಯಕ್ಕೆ ಬರೋಣ. ಹಿಂದೆ ವರದಿಗಾರ ಟೆಲಿಗ್ರಾಂ ಕಚೇರಿಗೆ ಓಡುತ್ತಿದ್ದ, ಆಮೇಲೆ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದ. ಇಂದು ಧ್ವನಿಮುದ್ರಣ, ಕ್ಯಾಮೆರಾ, ಬೆರಳಚ್ಚು ಯಂತ್ರ, ಅಂಚೆಪೆಟ್ಟಿಗೆ ಎಲ್ಲವೂ ಒಂದೇ ಫೋನಿನಲ್ಲಿವೆ. ಬಳಸುವ ಕ್ರಮ ಮಾತ್ರ ಕಲಿಯಬೇಕು.

ಧ್ವನಿ ಮುದ್ರಿಸುವಾಗ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಲ್ಲವಾದರೆ ಮಧ್ಯದಲ್ಲಿ ಅಮ್ಮನ ಕರೆ ಬಂದು ಸಂದರ್ಶನ ಕೆಡುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮುದ್ರಣವಿದೆಯೆಂದು ಬರೆಯುವುದನ್ನು ಬಿಡಬೇಡಿ. ಮುಖ್ಯವಾದ ಮಾತು ಬಂದಾಗ ಅದರ ನಿಮಿಷವನ್ನು ಪುಸ್ತಕದಲ್ಲಿ ಗುರುತಿಸಿದರೆ ಆಮೇಲೆ ಹುಡುಕುವ ಕಷ್ಟವಿಲ್ಲ. ಮಾತನ್ನು ತಾನಾಗಿ ಬರಹಕ್ಕಿಳಿಸುವ ಸೌಕರ್ಯ ಬಂದಿದೆ. ಅದು ಊರಿನ ಹೆಸರು, ಅಡ್ಡಹೆಸರುಗಳಲ್ಲಿ ಎಡವುತ್ತದೆ, ಆದ್ದರಿಂದ ಒಮ್ಮೆ ಕಿವಿಗೊಟ್ಟು ಕೇಳಿ ತಿದ್ದಲೇಬೇಕು.

ಫೋಟೋಕ್ಕೆ ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಜೂಮ್ ಮಾಡುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ, ಆದರೆ ಆಟದ ಗೆರೆ ದಾಟಬೇಡಿ. ಗೆದ್ದವರು ಕಪ್ಪು ಹಿಡಿದು ನಿಂತ ಚಿತ್ರ ಎಲ್ಲರ ಹತ್ತಿರವೂ ಇರುತ್ತದೆ. ಅಂಪೈರ್ ಸೀಟಿ ಊದಿದ ಕ್ಷಣದಲ್ಲಿ ಹೊರಗೆ ಕುಳಿತವರ ಮುಖಗಳು ನಿಮ್ಮ ಹತ್ತಿರ ಮಾತ್ರ ಇರಲಿ. ಚಿತ್ರದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದೊಡನೆ ಎಲ್ಲವನ್ನೂ ಇನ್ನೊಂದು ಕಡೆ ಪ್ರತಿ ಮಾಡಿ, ದಿನಾಂಕ, ಮೈದಾನ, ತಂಡ ಎಂದು ಹೆಸರಿಟ್ಟು ಇಡಿ. ಟಿ.ವಿ.ಯಲ್ಲಿ ಬಂದ ಪಂದ್ಯದ ತುಣುಕನ್ನು ಕತ್ತರಿಸಿ ನಿಮ್ಮದೆಂದು ಹಾಕಬೇಡಿ. ಅದರ ಹಕ್ಕು ಹಣ ಕೊಟ್ಟು ಕೊಂಡವರದು.

ಫೋನಿಗೆ ಬರುವ ಸುದ್ದಿಯೂ ಗಾಳಿಮಾತಾಗಬಹುದು. ಯಾವುದೋ ಹಳೆಯ ವಿಡಿಯೋ ಇಂದಿನದೆಂದು ಓಡಾಡುತ್ತದೆ, ಆಟಗಾರ ಆಡದ ಮಾತು ಅವನ ಚಿತ್ರದ ಕೆಳಗೆ ಅಂಟಿರುತ್ತದೆ. ಈಗ ಕೃತಕ ಬುದ್ಧಿಮತ್ತೆಯಿಂದ ಅವನ ದನಿಯನ್ನೇ ಹುಟ್ಟಿಸಬಹುದು. ಮೊದಲು ಎಲ್ಲಿ ಬಂತು, ಯಾರು ಹಾಕಿದರು, ಯಾವಾಗ ತೆಗೆದದ್ದು ಎಂಬ ಮೂರು ಪ್ರಶ್ನೆಗೆ ಉತ್ತರ ಸಿಗುವವರೆಗೆ ಅದನ್ನು ಮುಂದೆ ಕಳುಹಿಸಬೇಡಿ. ಮೊದಲು ಹೇಳಿದವನೆಂಬ ಹೆಸರು ಒಂದು ಗಂಟೆ ಉಳಿಯುತ್ತದೆ, ತಪ್ಪು ಹೇಳಿದವನೆಂಬ ಹೆಸರು ವರ್ಷಗಟ್ಟಲೆ ಉಳಿಯುತ್ತದೆ.

ಯಂತ್ರವೇ ಬರೆದರೆ?

ಇದು ನಿಮ್ಮ ಮನಸ್ಸಿನಲ್ಲಿರುವ ಭಯ. ಅದು ಸುಳ್ಳಲ್ಲ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2016ರಲ್ಲೇ ಬೇಸ್‌ಬಾಲ್‌ನ ಕೆಳಹಂತದ ಪಂದ್ಯಗಳ ವರದಿಯನ್ನು ಕಂಪ್ಯೂಟರಿನಿಂದ ಬರೆಸತೊಡಗಿತು. ಅಂಕಿಗಳನ್ನು ಕೊಟ್ಟರೆ ಯಂತ್ರ ಕ್ಷಣದಲ್ಲಿ ವಾಕ್ಯ ಕಟ್ಟಿಕೊಡುತ್ತದೆ. ಈಗಿನ ಯಂತ್ರಗಳು ಇನ್ನೂ ಚೆನ್ನಾಗಿ ಬರೆಯುತ್ತವೆ.

ಆದರೆ ಯಂತ್ರಕ್ಕೆ ಅಂಕಿ ಕೊಟ್ಟವರು ಯಾರು? ಅಮೆರಿಕದ ಆ ಪಂದ್ಯಗಳ ಲೆಕ್ಕ ಬರೆಯಲು ಜನರಿದ್ದರು. ನಿಮ್ಮ ಬಡಾವಣೆಯ ಶಾಲಾ ಬಾಲಕಿಯರ ಖೋಖೋ ಪಂದ್ಯದ ಲೆಕ್ಕ ಯಾರು ಬರೆದಿಟ್ಟಿದ್ದಾರೆ? ಯಾರೂ ನೋಡದ, ಯಾರೂ ಎಣಿಸದ ಪಂದ್ಯವನ್ನು ಯಾವ ಯಂತ್ರವೂ ಬರೆಯಲಾರದು. ಬರೆದರೆ ಕಲ್ಪಿಸಿ ಬರೆಯುತ್ತದೆ.

ಇನ್ನೊಂದು ಇತಿಹಾಸವನ್ನೂ ನೆನಪಿಡಿ. ಇಂದು ಲೋಕವೇ ನೋಡುವ ಕ್ರಿಕ್‌ಇನ್ಫೋ 1993ರಲ್ಲಿ ಆರಂಭವಾದದ್ದು ಯಾವ ದೊಡ್ಡ ಪತ್ರಿಕಾ ಸಂಸ್ಥೆಯಿಂದಲೂ ಅಲ್ಲ. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದವರು, ಅವರಲ್ಲಿ ಭಾರತೀಯ ವಿದ್ಯಾರ್ಥಿಗಳು ಬಹಳ, ಕೂಲಿಯಿಲ್ಲದೆ ಚೆಂಡು ಚೆಂಡಿನ ವಿವರವನ್ನು ಬೆರಳಚ್ಚಿಸಿ ಪರಸ್ಪರ ಹಂಚಿಕೊಂಡದ್ದೇ ಅದರ ಮೂಲ. ಊರಿನಿಂದ ದೂರವಿದ್ದವರಿಗೆ ಊರಿನ ಆಟದ ಹಸಿವು ಹೆಚ್ಚು. ಆ ಹಸಿವೇ ಹೊಸ ದಾರಿಯನ್ನು ಹುಟ್ಟಿಸಿತು. ನಿಮ್ಮ ಸ್ಥಿತಿಯೂ ಅದಕ್ಕಿಂತ ಬಹಳ ಬೇರೆಯಲ್ಲ.

ಐದನೆಯ ಪಾಠ: ಹತ್ತು ಕಟ್ಟುವಲ್ಲಿ ಒಂದು ಮುತ್ತು

ಬರೆಯಲು ಕುಳಿತಾಗ ಮೊದಲ ವಾಕ್ಯ ಬಹಳ ಕಾಡುತ್ತದೆ. ನಮ್ಮ ಊರಿನದೇ ಒಂದು ಪಂದ್ಯ ತೆಗೆದುಕೊಳ್ಳೋಣ. 1996ರ ಫೆಬ್ರವರಿ 29, ಸ್ವಾರಗೇಟ್ ಹತ್ತಿರದ ನೆಹರೂ ಕ್ರೀಡಾಂಗಣ, ವಿಶ್ವಕಪ್ ಪಂದ್ಯ. ನಿಮ್ಮ ತಂದೆತಾಯಿಗೆ ನೆನಪಿರಬಹುದು. ಒಬ್ಬರು ಹೀಗೆ ಬರೆಯುತ್ತಾರೆ ಎನ್ನಿ:

ಅತ್ಯಂತ ರೋಮಾಂಚಕಾರಿಯಾಗಿ ನಡೆದ ಪಂದ್ಯದಲ್ಲಿ ಕೀನ್ಯಾ ಅದ್ಭುತ ಪ್ರದರ್ಶನ ನೀಡಿ ವೆಸ್ಟ್ ಇಂಡೀಸ್‌ಗೆ ಮಣ್ಣು ಮುಕ್ಕಿಸಿ ಇತಿಹಾಸ ಸೃಷ್ಟಿಸಿತು.

ಇನ್ನೊಬ್ಬರು ಹೀಗೆ:

ಎರಡು ಬಾರಿ ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್ ಗುರುವಾರ ಪುಣೆಯಲ್ಲಿ 93 ರನ್ನಿಗೆ ಕುಸಿಯಿತು. ಮೊದಲ ವಿಶ್ವಕಪ್ ಆಡುತ್ತಿರುವ ಕೀನ್ಯಾ, ತಾನು ಹೊಡೆದ 166 ರನ್ನೇ ಸಾಕೆಂದು ತೋರಿಸಿ, 73 ರನ್ನಿನಿಂದ ಗೆದ್ದಿತು.

ಮೊದಲನೆಯದರಲ್ಲಿ ಶಬ್ದ ದೊಡ್ಡದು, ವಿಷಯ ಇಲ್ಲ. ಎರಡನೆಯದರಲ್ಲಿ ಒಂದು ವಿಶೇಷಣವೂ ಇಲ್ಲ, ಆದರೂ ಆಶ್ಚರ್ಯ ತಾನೇ ಹುಟ್ಟುತ್ತದೆ. ಇದಾದ ಮೇಲೆ ಕೀನ್ಯಾದ ನಾಯಕ ಮಾರಿಸ್ ಒಡುಂಬೆ 15 ರನ್ ಕೊಟ್ಟು 3 ವಿಕೆಟ್ ಪಡೆದದ್ದು, ಬ್ರಯಾನ್ ಲಾರಾ 8 ರನ್ ಆಗಿದ್ದಾಗ ವಿಕೆಟ್‌ಕೀಪರ್ ತಾರಿಕ್ ಇಕ್ಬಾಲ್ ಹಿಡಿದ ಕ್ಯಾಚು, ಇವು ಒಂದೊಂದಾಗಿ ಬರಲಿ. ಮುಖ್ಯವಾದದ್ದು ಮೊದಲು, ಉಳಿದದ್ದು ಆಮೇಲೆ. ಮುನ್ನೂರು ಪದ ಸಾಕು. ಬರೆದ ಮೇಲೆ “ಅದ್ಭುತ”, “ರೋಚಕ”, “ಅವಿಸ್ಮರಣೀಯ” ಎಂಬ ಪದಗಳನ್ನು ಹುಡುಕಿ ಹೊಡೆದುಹಾಕಿ. ವಾಕ್ಯಕ್ಕೆ ಏನೂ ನಷ್ಟವಾಗುವುದಿಲ್ಲ.

ಕನ್ನಡದಲ್ಲಿ ಬರೆಯಬೇಕೆ? ಬರೆಯಬೇಕೆಂಬುದೇ ನನ್ನ ಆಸೆ. ಮಾತನಾಡಲು ಬರುತ್ತದೆ, ಬರೆಯಲು ಬಾರದು ಎನ್ನುವಿರಿ. ಈಗ ಫೋನಿನಲ್ಲಿ ಬಾಯಲ್ಲಿ ಹೇಳಿದರೆ ಕನ್ನಡ ಅಕ್ಷರ ಮೂಡುತ್ತದೆ. ಅದನ್ನು ಅಜ್ಜ ಅಜ್ಜಿಗೆ ಓದಿ ಹೇಳಿ. ಅವರು ಎಲ್ಲಿ ತಡೆದು “ಏನಂದಿ?” ಎನ್ನುತ್ತಾರೋ ಅಲ್ಲಿ ತಿದ್ದಿ. ಇದಕ್ಕಿಂತ ಒಳ್ಳೆಯ ಉಪಸಂಪಾದಕರು ನಿಮಗೆ ಸಿಗಲಾರರು. ಬ್ಯಾಟ್ಸ್‌ಮನ್‌ಗೆ ದಾಂಡಿಗ, ವಿಕೆಟ್‌ಗೆ ಹುದ್ದರಿ ಎಂಬ ಪದಗಳನ್ನು ಕಟ್ಟಿ ಬಳಸಿದ ಭಾಷೆ ನಮ್ಮದು. ಯಾವುದು ಕಿವಿಗೆ ಹಿತವೋ ಅದನ್ನು ಬಳಸಿ. 2018ರ ಐಪಿಎಲ್‌ನಲ್ಲಿ ಟಿ.ವಿ.ಯಲ್ಲಿ ಕನ್ನಡದ ವೀಕ್ಷಕ ವಿವರಣೆಯೂ ಇತ್ತು. ಆಟವನ್ನು ಬಲ್ಲ, ಕನ್ನಡವನ್ನು ಬಲ್ಲ ಯುವಕರಿಗೆ ಕೆಲಸ ಇದೆ ಎಂಬುದಕ್ಕೆ ಇದೊಂದು ಸೂಚನೆ.

ಮುಚ್ಚುಮರೆಯಿಲ್ಲದ ಒಂದು ಮಾತು

ಈ ಹಾದಿಯಲ್ಲಿ ಆರಂಭದ ಸಂಬಳ ಕಡಿಮೆ. ಬೇರೆಯವರಿಗೆ ರಜೆ ಇರುವ ದಿನವೇ ನಿಮಗೆ ಕೆಲಸ. ನಿಮ್ಮ ಅಪ್ಪ ಅಮ್ಮ ಇಂಜಿನಿಯರಿಂಗ್ ಓದು ಎಂದರೆ ಅವರ ಮೇಲೆ ಸಿಟ್ಟಾಗಬೇಡಿ. ಊರು ಬಿಟ್ಟು ಬಂದವರಿಗೆ ಭದ್ರತೆಯ ಚಿಂತೆ ಹೆಚ್ಚು. ಓದಿನ ಜೊತೆಗೇ ಇದನ್ನು ಅಭ್ಯಾಸ ಮಾಡಬಹುದು. ಮುಂದೆ ಪದವಿಯೇ ಬೇಕೆಂದರೆ ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಎಷ್ಟೋ ತಲೆಮಾರಿನ ಪತ್ರಕರ್ತರು ಕಲಿತಿದ್ದಾರೆ. ಆದರೆ ಅಲ್ಲಿಗೆ ಹೋಗುವ ಮುನ್ನ ನಿಮ್ಮ ಕೈಯಲ್ಲಿ ಇಪ್ಪತ್ತು ವರದಿಗಳ ಕಡತವಿರಲಿ. ಕೆಲಸ ಕೊಡುವವರೂ ಮೊದಲು ಕೇಳುವುದು “ಏನು ಓದಿದ್ದೀಯ?” ಎಂದಲ್ಲ, “ಏನು ಬರೆದಿದ್ದೀಯ, ತೋರಿಸು” ಎಂದು.

ಆದ್ದರಿಂದ ಬರುವ ಭಾನುವಾರದಿಂದಲೇ ಆರಂಭಿಸಿ. ಮನೆಗೆ ಹತ್ತಿರದ ಒಂದು ಮೈದಾನ, ಯಾರೂ ಬರೆಯದ ಒಂದು ಪಂದ್ಯ. ಮುನ್ನೂರು ಪದ, ಒಂದು ಚಿತ್ರ, ಎರಡು ಸಲ ತಾಳೆ ನೋಡಿದ ಹೆಸರುಗಳು. ಬರೆದು ನಮ್ಮ ಪತ್ರಿಕೆಗೆ ಕಳುಹಿಸಿ. ಕಾಗುಣಿತ ತಪ್ಪಿದ್ದರೆ ಚಿಂತೆಯಿಲ್ಲ, ಅದನ್ನು ನಾವು ತಿದ್ದಿಕೊಳ್ಳುತ್ತೇವೆ. ಹೆಸರು ತಪ್ಪಿದ್ದರೆ ಮಾತ್ರ ನಮ್ಮಿಂದ ತಿದ್ದಲಾಗದು, ಅಲ್ಲಿದ್ದವರು ನೀವು.

ಎಲ್ಲೋ ಒಂದು ಮೈದಾನದಲ್ಲಿ ಒಬ್ಬ ಹುಡುಗಿ ಈ ಭಾನುವಾರವೂ ಓಡುತ್ತಾಳೆ. ಅವಳ ಅಜ್ಜಿ ಊರಿನಲ್ಲಿ ಕಾಯುತ್ತಿರುತ್ತಾಳೆ. ಈ ಸಲವಾದರೂ ಸರಿಯಾದ ಹೆಸರು ಅವಳಿಗೆ ಮುಟ್ಟಲಿ.